ಮೈಲೇಜ್ ಮತ್ತು ಟೈರ್: ಮೆಕ್ಯಾನಿಕ್ ಶಿವಣ್ಣನ್ನ ಕೇಳಿ

ಸುಮಾ: ಅಣ್ಣಾ, ಎಷ್ಟು ಗಾಳಿ ಹಾಕಿಸಿದ್ರೆ ಮೈಲೇಜ್ ಜಾಸ್ತಿ?

ಶಿವಣ್ಣ: ಡ್ರೈವರ್ ಬಾಗಿಲು ತೆಗೆದ್ರೆ ಅಲ್ಲೇ ಸ್ಟಿಕ್ಕರ್ ಇರುತ್ತೆ, ಅದೇ ಲೆಕ್ಕ. ಗಾಡಿ 3 ಗಂಟೆ ನಿಂತು ಟೈರ್ ತಣ್ಣಗಾದ ಮೇಲೆ ನೋಡಿ. ಗಾಳಿ ಕಮ್ಮಿಯಿದ್ರೆ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಬಾಗಿ ಬಿಸಿಯಾಗುತ್ತೆ. ಆ ಬಿಸಿ ನಿಮ್ಮ ಪೆಟ್ರೋಲೇ.

ರಫೀಕ್: ಟೈರ್ ಮೇಲೆ ಬರೆದಿರೋ ಮ್ಯಾಕ್ಸ್ ಪಿಎಸ್‌ಐ ಹಾಕಿ ಅಂತ ಫಾರ್ವರ್ಡ್ ಬಂದಿದೆ.

ಶಿವಣ್ಣ: ಬೇಡ. ಅದು ಟೈರಿನ ಗರಿಷ್ಠ ಮಿತಿ, ನಿಮ್ಮ ಕಾರಿನ ಅಳತೆಯಲ್ಲ. ಟೈರ್ ನಡುವೆ ಮಾತ್ರ ಸವೆಯುತ್ತೆ, ಹಿಡಿತ ಹೋಗುತ್ತೆ. ಗಾಡಿ ಜಾರಿದಾಗ ಫಾರ್ವರ್ಡ್ ಮಾಡಿದವರು ಬರಲ್ಲ.

ಮಹೇಶ: ಸರ್, ಗಾಳಿ, ಅಲೈನ್‌ಮೆಂಟ್ ಎರಡೂ ಸರಿಯಿದೆ. ಆದ್ರೂ ಮೈಲೇಜ್ ಬಿದ್ದಿದೆ. ಎಡ ಮುಂದಿನ ಚಕ್ರ ಕೆಂಡದ ಹಾಗೆ ಕಾಯುತ್ತೆ, ಗಾಡಿ ಎಡಕ್ಕೆ ಎಳೆಯುತ್ತೆ. ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ರೂ ಅಷ್ಟೇ.

ಶಿವಣ್ಣ: ಇದು ಬ್ರೇಕ್ ಜಾಮ್. ಗಾಡಿ ಓಡಿಸಬೇಡಿ, ಬ್ರೇಕ್ ಆಯಿಲ್ ಕುದ್ರೆ ಪೆಡಲ್ ಕೆಳಗೇ ಹೋಗಿಬಿಡುತ್ತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬ್ರೇಕ್ ನಾಲ್ಕು ಸಲ ತುಳಿದು ಬಿಟ್ಟು ಚಕ್ರ ಕೈಲಿ ತಿರುಗಿಸಿ. ಬಿಗಿಯಿದ್ರೆ ಕ್ಯಾಲಿಪರ್‌ನ (ಪ್ಯಾಡ್ ಒತ್ತೋ ಭಾಗ) ಬ್ಲೀಡರ್ ನಿಪ್ಪಲ್, ಅಂದ್ರೆ ಆಯಿಲ್ ಹೊರಬಿಡೋ ಸಣ್ಣ ತಿರುಪು, ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾದ್ರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಒಂದೇ ಚಕ್ರ ಆಗಿರೋದ್ರಿಂದ ಅನುಮಾನ ಕ್ಯಾಲಿಪರ್‌ಗೆ ಆಯಿಲ್ ತರೋ ರಬ್ಬರ್ ಹೋಸ್ ಮೇಲೆ. ಒಳಗಡೆ ಊದಿಕೊಂಡ ಹೋಸ್ ಆಯಿಲ್ ಹೋಗಕ್ಕೆ ಬಿಡುತ್ತೆ, ವಾಪಸ್ ಬಿಡಲ್ಲ. ಹೊರಗಿಂದ ಏನೂ ಕಾಣಲ್ಲ, ಅದಕ್ಕೇ ಎಲ್ಲರೂ ಪ್ಯಾಡ್ ಬದಲಿಸಿ ಕಳಿಸ್ತಾರೆ. ನಿಪ್ಪಲ್ ಬಿಟ್ಟ ಮೇಲೂ ಬಿಗಿಯಿದ್ರೆ ಕ್ಯಾಲಿಪರ್ ಸರಿಯೋ ಸ್ಲೈಡ್ ಪಿನ್ ಅಥವಾ ಪ್ಯಾಡ್ ತಳ್ಳೋ ಪಿಸ್ಟನ್ ಕಚ್ಚಿಕೊಂಡಿದೆ. ಪಿನ್‌ಗೆ ಬ್ರೇಕ್‌ಗೇ ಅಂತ ಬರೋ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಚ್ಚಿದ್ರೆ ರಬ್ಬರ್ ಬೂಟ್ ಊದಿ ಮತ್ತೆ ಜಾಮ್. ಕೊನೆಗೆ ಬ್ರೇಕ್ ಆಯಿಲ್ ಒಳಗೆ ಸೇರಿದ ಏರ್ ತೆಗೆಯದೆ ಗಾಡಿ ಕದಲಿಸಬೇಡಿ.

ಲತಾ: ಹೊಸ ಟೈರ್ ಹಾಕಿದ ಮೇಲೆ ಮೈಲೇಜ್ ಇಳಿದಿದೆ. ಯಾಕೆ?

ಪ್ರವೀಣ: ನೈಟ್ರೋಜನ್ ಹಾಕಿಸಲಾ?

ಶಿವಣ್ಣ: ಗಾಳೀಲೇ 78% ನೈಟ್ರೋಜನ್ ಇದೆ.

ಗಿರೀಶ: ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ, ಅದೇ ದೊಡ್ಡ ಉಳಿತಾಯ.

ರಫೀಕ್: ಈಗಿನ ಇಂಜಿನ್ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲೇ ಕಟ್ ಮಾಡುತ್ತೆ. ನ್ಯೂಟ್ರಲಲ್ಲಿ ಕುಡೀತಾನೇ ಇರುತ್ತೆ.

ಗಿರೀಶ: ಗೇರಲ್ಲಿ ಇಂಜಿನ್ ಹಿಡಿದು ವೇಗ ಇಳಿಯುತ್ತಲ್ಲ, ಮತ್ತೆ ತುಳಿಯೋ ಪೆಟ್ರೋಲ್ ಯಾರಪ್ಪಂದು?

ರಫೀಕ್: ಮ್ಯಾಕ್ಸ್ ಪಿಎಸ್‌ಐ ಫಾರ್ವರ್ಡ್ ಮಾಡಿದ್ದು ನೀವೇ ಅಲ್ವಾ?

ಶಿವಣ್ಣ: ಸಾಕು. ಉದ್ದ ಇಳಿಜಾರಲ್ಲಿ ಗೇರಲ್ಲೇ ಇಳೀರಿ, ಬ್ರೇಕ್ ಕಾಯಲ್ಲ.

ಪ್ರವೀಣ: ಹಾಗಾದ್ರೆ ಎಷ್ಟು ಗಾಳಿ ಹಾಕಿಸೋದು?

ಶಿವಣ್ಣ: ಮೇಲೆ ಓದಿ.

ಮಹೇಶ: ನಿಪ್ಪಲ್ ಬಿಟ್ಟ ತಕ್ಷಣ ಸಲೀಸಾಯ್ತು ಸರ್!

ಶಿವಣ್ಣ: ನಿಪ್ಪಲ್ ಬಿಗಿ ಮಾಡಿ, ಬ್ರೇಕ್ ತುಳಿದು ಬಿಡಿ. ಈಗ ಹೋಸಿನ ಮೇಲ್ತುದಿ ನಟ್ ಸಡಿಲಿಸಿ. ಆಗಲೂ ಚಕ್ರ ಬಿಗಿಯಾಗೇ ಇದ್ರೆ ಹೋಸೇ ಕಳ್ಳ. ಎರಡೂ ಕಡೆಯದು ಬದಲಿಸಿ.

ಲತಾ: ನನ್ನ ಟೈರ್ ಪ್ರಶ್ನೆ?

ಗಿರೀಶ: ನ್ಯೂಟ್ರಲ್ ಮಾಡಿ ಮೇಡಂ.