ಪಿ-ಟೌ ಬ್ಲಡ್ ಟೆಸ್ಟ್, ಮರೆವು: ಇವತ್ತು ಸಂಜೆ 6ರಿಂದ ನರರೋಗದ ಡಾಕ್ಟ್ರನ್ನ ಕೇಳಿ

ಮಲೆನಾಡ ಮಗಳು: ನಮಸ್ತೆ ಡಾಕ್ಟ್ರೇ. ಅಪ್ಪಂಗೆ 71, ರಿಟೈರ್ಡ್ ಮೇಷ್ಟ್ರು. ಆರು ತಿಂಗಳಿಂದ ಹೇಳಿದ್ದೇ ಹೇಳ್ತಾರೆ, ಮೊನ್ನೆ ಹಾಲಿನ ಲೆಕ್ಕಾನೂ ತಪ್ಪಿದ್ರು. ಶುಗರ್‌ಗೆ ಮೆಟ್ಫಾರ್ಮಿನ್ 12 ವರ್ಷದಿಂದ, ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 2.1, ಪದೇಪದೇ ಯೂರಿನ್ ಅಂತ ಫೆಬ್ರವರಿಯಿಂದ ಇನ್ನೊಂದು ಮಾತ್ರೆ. ತಮ್ಮ ಯಾವ್ದೋ ಪ್ಯಾಕೇಜಲ್ಲಿ ಟೆಸ್ಟ್ ಮಾಡಿಸ್ದ, ಪಿ-ಟೌ217 ಹೈ ಅಂತ ಬಂತು. ಮನೇಲಿ ಎಲ್ರೂ ಅಳ್ತಾ ಕೂತಿದಾರೆ. ಆಲ್ಜೈಮರ್ಸ್ ಗ್ಯಾರಂಟಿನಾ?

ಕಾಫಿ ಗಿಡ: ನಂಗೆ 38, ಗಾಡಿ ಕೀ ಎಲ್ಲಿಟ್ಟೆ ಅಂತ ಮರೀತೀನಿ. ಈ ಟೆಸ್ಟ್ ಮಾಡಿಸ್ಲಾ?

ಡಾಕ್ಟರ್: ಬೇಡ.

ಡಾಕ್ಟರ್: ಮಲೆನಾಡ ಮಗಳು, ಮೊದ್ಲು ಅಳೋದು ನಿಲ್ಸಿ. ಆಲ್ಜೈಮರ್ಸ್‌ನಲ್ಲಿ ಮೆದುಳಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಕೂತ್ಕೊಳ್ಳುತ್ತೆ, ಆಗ ರಕ್ತದಲ್ಲಿ ಈ ಪಿ-ಟೌ217 ಅನ್ನೋ ಇನ್ನೊಂದು ಪ್ರೋಟೀನ್ ಏರುತ್ತೆ, ಅದು ನಿಜ, ಟೆಸ್ಟೂ ಒಳ್ಳೇದೇ. ಆದ್ರೆ ಕಿಡ್ನಿ ಸುಸ್ತಾದೋರಲ್ಲಿ ಆಲ್ಜೈಮರ್ಸ್ ಇಲ್ದಿದ್ರೂ ಏರುತ್ತೆ. ನಿಮ್ಮಪ್ಪಂದು 2.1! ಆ ಪ್ಯಾಕೇಜ್ ಮಾರಿದೋರು ಕಿಡ್ನಿ ವಿಷ್ಯ ಕೇಳಿದ್ರಾ? ಇನ್ನು ಮೆಟ್ಫಾರ್ಮಿನ್ ವರ್ಷಗಟ್ಲೆ ತಗೊಂಡೋರಿಗೆ ಬಿ12 ಇಳಿಯುತ್ತೆ, ಬಿ12 ಇಳಿದ್ರೂ ಮರೆವು ಬರುತ್ತೆ. ಈ ಕಿಡ್ನಿಗೆ ಆ ಡೋಸ್ ಸರೀನಾ ಅಂತ್ಲೂ ಶುಗರ್ ಡಾಕ್ಟ್ರ ಹತ್ರ ಕೇಳಿ. ನಂಗೆ ಎಲ್ಲಕ್ಕಿಂತ ಡೌಟು ಆ ಯೂರಿನ್ ಮಾತ್ರೆ ಮೇಲೆ, ಅದು ಆಕ್ಸಿಬ್ಯುಟಿನಿನ್ ಏನಾದ್ರೂ ಆಗಿದ್ರೆ ಮೆದುಳಲ್ಲಿ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಕೆಲ್ಸಾನೇ ತಡೆಯುತ್ತೆ, ನಾವು ಆಲ್ಜೈಮರ್ಸ್‌ಗೆ ಡೊನೆಪೆಜಿಲ್ ಕೊಡೋದೇ ಅದನ್ನ ಹೆಚ್ಚಿಸೋಕೆ. ಮಾತ್ರೆ ಹೆಸ್ರು ನೋಡಿ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಬಿ12, ಥೈರಾಯ್ಡ್, ಎಂಆರ್‌ಐ, ಕನ್ನಡದಲ್ಲೇ ಮಾಡೋ ನೆನಪಿನ ಪರೀಕ್ಷೆ, ಇಷ್ಟಾದ್ಮೇಲೂ ಡೌಟ್ ಉಳಿದ್ರೆ ಬೆನ್ನುನೀರಿನ ಟೆಸ್ಟ್ ಇಲ್ಲಾ ಅಮಿಲಾಯ್ಡ್ ಪೆಟ್ ಸ್ಕ್ಯಾನ್.

ಬಯಲುಸೀಮೆ: ಫಾರ್ವರ್ಡ್ ಬಂದಿದ್ದು 👇 ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ + ಬ್ರಾಹ್ಮಿ ರಸ, 48 ದಿನ, ಇಂಗ್ಲಿಷ್ ಮಾತ್ರೆ ನಿಲ್ಸಿ, ಮರೆವು ಮಾಯ.

ತುಂಗೆ ತೀರ: ಯಾವ ಬ್ರಾಹ್ಮಿ? ನಮ್ ಕಡೆ ಒಂದೆಲಗಕ್ಕೇ ಬ್ರಾಹ್ಮಿ ಅಂತಾರೆ, ಆಯುರ್ವೇದದಲ್ಲಿ ನೀರುಬ್ರಾಹ್ಮಿ ಬೇರೆ ಗಿಡ.

ಬಯಲುಸೀಮೆ: ಎರಡೂ ಒಂದೇ ರೀ

ತುಂಗೆ ತೀರ: ಗದ್ದೆ ಬದೀಗೆ ಬಂದು ನೋಡಿ ಒಂದ್ಸಲ, ಎಲೇನೇ ಬೇರೆ

ಗುಂಡಣ್ಣ: ನಮ್ಮಮ್ಮ ರಾತ್ರಿ ಎರಡಕ್ಕೆ ಎದ್ದು ತವರುಮನೆಗೆ ಹೋಗ್ತೀನಿ ಅಂತ ಬಾಗ್ಲು ತೆಗೀತಾರೆ ಡಾಕ್ಟ್ರೇ, ಬೀಗ ಹಾಕಿದ್ರೆ ಕೂಗಾಡ್ತಾರೆ. ಏನ್ ಮಾಡ್ಲಿ?

ಡಾಕ್ಟರ್: ಬಯಲುಸೀಮೆ, ಬ್ರಾಹ್ಮಿ ತಂಬುಳಿ ಮಾಡ್ಕೊಂಡು ತಿನ್ನಿ, ನಾನೂ ತಿಂತೀನಿ. ಆದ್ರೆ "ಮಾತ್ರೆ ನಿಲ್ಸಿ" ಅನ್ನೋ ಆ ಸಾಲು ಇದ್ಯಲ್ಲ, ಅದನ್ನ ನಂಬಿ ಡೊನೆಪೆಜಿಲ್ ನಿಲ್ಸಿ ಎರಡೇ ವಾರದಲ್ಲಿ ಮಗನ ಗುರ್ತೂ ಸಿಗದೆ ಹೋದೋರನ್ನ ನಾನು ನೋಡಿದೀನಿ. ಅಡ್ಮಿನ್ ಅವ್ರೇ ಡಿಲೀಟ್ ಮಾಡಿ.

ಬಯಲುಸೀಮೆ: ಅಲೋಪತಿ ಲಾಬಿ!!

ಕಡಲಾಚೆ ಕನ್ನಡಿಗ: ಅಮೆರಿಕದಲ್ಲಿ 2025ರ ಮೇನಲ್ಲೇ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬ್ಲಡ್ ಟೆಸ್ಟ್‌ಗೆ ಓಕೆ ಕೊಟ್ಟಿದೆ, ಇಲ್ಲಿ ಬೇಡ ಅಂದ್ರೆ ಹೇಗೆ?

ಡಾಕ್ಟರ್: ಪೂರ್ತಿ ಓದಿ ಸ್ವಾಮಿ. ಮರೆವಿನ ಲಕ್ಷಣ ಇರೋರಿಗೆ, ಸ್ಪೆಷಲಿಸ್ಟ್ ಹತ್ರ, ಬೇರೆ ಪರೀಕ್ಷೆಗಳ ಜೊತೆ. ಲಕ್ಷಣಕ್ಕಿಂತ 15-20 ವರ್ಷ ಮೊದ್ಲೇ ಅಮಿಲಾಯ್ಡ್ ಶುರುವಾಗುತ್ತೆ, ಅದು ಇದ್ದೂ ಕೊನೇವರೆಗೂ ಚೆನ್ನಾಗೇ ಇರೋರೂ ಇದಾರೆ.

ಕಡಲಾಚೆ ಕನ್ನಡಿಗ: ಹಾಗಾದ್ರೆ ಆರಾರು ತಿಂಗ್ಳಿಗೆ ಮಾಡಿಸಿ ಟ್ರ್ಯಾಕ್ ಮಾಡೋದು?

ಡಾಕ್ಟರ್: ಡೊನಾನೆಮ್ಯಾಬ್ ಅನ್ನೋ ಅಮಿಲಾಯ್ಡ್ ತೆಗೆಯೋ ಔಷಧಿ ಟ್ರಯಲ್‌ನಲ್ಲಿ ಪೆಟ್ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ ಹೋದೋರಿಗೆ ಔಷಧಿ ನಿಲ್ಸಿದ್ರು, ಅಲ್ಲಿ ಅಳತೆ ನೋಡಿ ಒಂದು ತೀರ್ಮಾನ ಆಯ್ತು. ಅದೇ ಥರದ ಇನ್ನೊಂದು ಔಷಧಿ ಲೆಕಾನೆಮ್ಯಾಬ್ 18 ತಿಂಗಳಲ್ಲಿ ಕುಸಿತವನ್ನ 27% ನಿಧಾನ ಮಾಡ್ತು ಅಷ್ಟೇ, ವಾಸಿ ಮಾಡ್ಲಿಲ್ಲ, ಮೆದುಳಲ್ಲಿ ಊತ, ರಕ್ತಸ್ರಾವದ ಅಪಾಯಾನೂ ಇದೆ. ಆ ಥರ ಚಿಕಿತ್ಸೆ ಇಲ್ದೆ ಆರಾರು ತಿಂಗ್ಳಿಗೆ ನಂಬರ್ ನೋಡಿ ಏನ್ ಬದಲಾಯಿಸ್ತೀರಾ? ನಿದ್ದೆ ಕೆಡುತ್ತೆ ಅಷ್ಟೆ. ಬ್ಯಾಂಕ್ ಕೆಲ್ಸ, ಅಡುಗೆ, ದಾರಿ, ಇವೆಲ್ಲ ಹೇಗಿದೆ ಅಂತ ಬರೆದಿಟ್ಕೊಳ್ಳಿ, ನಂಗೆ ಅದು ಬೇಕು.

ಬೆಣ್ಣೆ ದೋಸೆ: ನಂಗೆ 41, ಹೆಸ್ರು ಮರೀತೀನಿ, ಟೆಸ್ಟ್...

ಡಾಕ್ಟರ್: ಮೇಲೆ ಓದಿ.

ಬೆಣ್ಣೆ ದೋಸೆ: ಸ್ವಲ್ಪ ಮರ್ಯಾದೆಯಿಂದ ಮಾತಾಡಿ ಸಾರ್, ನಾವೂ ಓದಿದೋರೇ

ತುಂಗೆ ತೀರ: ಓದಿದ್ರೆ ಮೇಲೆ ಓದ್ತಿದ್ರಿ 😄

ಮಲೆನಾಡ ಮಗಳು: ಸ್ಟ್ರಿಪ್ ನೋಡ್ದೆ ಡಾಕ್ಟ್ರೇ, ಆಕ್ಸಿಬ್ಯುಟಿನಿನ್ನೇ, ದಿನಕ್ಕೆ ಎರಡು.

ಡಾಕ್ಟರ್: ನಾಳೆ ಬೆಳಿಗ್ಗೆನೇ ಬರ್ಕೊಟ್ಟೋರ ಹತ್ರ ಹೋಗಿ, ಮರೆವು ಯಾವ ತಿಂಗ್ಳು ಶುರುವಾಯ್ತು, ಮಾತ್ರೆ ಯಾವ ತಿಂಗ್ಳು ಶುರುವಾಯ್ತು ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ. ಇದೊಂದರಿಂದ್ಲೇ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಬಿ12 ರಿಪೋರ್ಟ್ ಬಂದ್ಮೇಲೆ ತಿಳಿಸಿ.

ಬಯಲುಸೀಮೆ: ಕೊಬ್ಬರಿ ಎಣ್ಣೆ ಕುಡ್ಸಿ ನೋಡಿ ಅಕ್ಕ

ಡಾಕ್ಟರ್: ನಾನು ಹೊರಟೆ.

ಗುಂಡಣ್ಣ: ಸಾರ್, ಮೇಲೆ ಒಂದು ಕೇಳಿದ್ದೆ, ಅಮ್ಮಂದು