ಲಾಕ್ ‘ಹಿಡಿದು ಬಿಟ್ಟಿತು’, ಲಾಕ್ ‘ಹಿಡಿದುಬಿಟ್ಟಿತು’: ಕರ್ನಲ್ ಪಾಠಕ್ಕೆ ಯಾವ ಕ್ರಿಯಾಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಈಗ ಕೈಯಲ್ಲಿರುವ ಅಧ್ಯಾಯದ ವಿಷಯ ಇದು: ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಮುಗಿದಾಗ ಅದರ ಮೆಮೊರಿ ಕರ್ನಲ್‌ಗೆ ಮರಳುವುದು ಹೇಗೆ, ಆ ಹೊತ್ತಿನಲ್ಲಿ ಯಾವ ಲಾಕ್ (ಒಬ್ಬರ ಕೆಲಸದ ನಡುವೆ ಇನ್ನೊಬ್ಬರು ಕೈಹಾಕದಂತೆ ಕಾಯುವ ಬೀಗ) ಯಾರ ಕೈಯಲ್ಲಿರಬೇಕು? ನಾಮಪದಗಳ ಬಗ್ಗೆ ನನಗೆ ತಕರಾರಿಲ್ಲ. ಕರ್ನಲ್, ಥ್ರೆಡ್, ಲಾಕ್, ಮೆಮೊರಿ ಹಾಗೆಯೇ ಇರಲಿ. ಪೇಜ್ (ಮೆಮೊರಿಯನ್ನು ಹಂಚುವ ನಿಗದಿತ ಗಾತ್ರದ ತುಂಡು) ಅನ್ನುವುದಕ್ಕೆ ‘ಪುಟ’ ಒಗ್ಗಿಹೋಗಿದೆ. ನಾನು ಕೇಳಬೇಕಾಗಿರುವುದು ಕ್ರಿಯಾಪದಗಳ ಬಗ್ಗೆ.

ಮೊದಲಿಗೆ ‘ಬಿಡುಗಡೆ’. ಕನ್ನಡದ ತಾಂತ್ರಿಕ ಬರಹಗಳಲ್ಲಿ ‘ಮೆಮೊರಿ ಬಿಡುಗಡೆ ಮಾಡುತ್ತದೆ’ ಎಂದೇ ಸಾಮಾನ್ಯವಾಗಿ ಬರೆಯುತ್ತಾರೆ. ಆದರೆ ಪತ್ರಿಕೆ ಓದುವವರಿಗೆ ಈ ಪದ ಯಾವ ಅರ್ಥದಲ್ಲಿ ಪರಿಚಿತ ಎಂದು ಗಮನಿಸಿ. ಸರ್ಕಾರ ಅನುದಾನ ಬಿಡುಗಡೆ ಮಾಡುತ್ತದೆ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಡುಗಡೆ ಮಾಡುತ್ತಾರೆ. ಎರಡರಲ್ಲೂ ಇರುವವರು ಬೇಕಾದವರಿಗೆ ಕೊಡುತ್ತಿದ್ದಾರೆ. ಈ ರೂಢಿಯ ಮೇಲೆ ‘ಕರ್ನಲ್ ಪ್ರೋಸೆಸ್‌ನ ಮೆಮೊರಿಯನ್ನು ಬಿಡುಗಡೆ ಮಾಡಿತು’ ಎಂದು ಓದಿದ ವಿದ್ಯಾರ್ಥಿ ಕರ್ನಲ್ ಮೆಮೊರಿ ಮಂಜೂರು ಮಾಡಿತು ಎಂದು ತಿಳಿದರೆ ತಪ್ಪು ಅವನದಲ್ಲ. ನಾವು ಹೇಳಹೊರಟದ್ದು ಅದಕ್ಕೆ ನೇರ ವಿರುದ್ಧವಾದದ್ದು. ಶಾಸನಗಳಲ್ಲಿ ‘ಭೂಮಿಯನ್ನು ಬಿಟ್ಟರು’ ಎಂದರೆ ದತ್ತಿಯಾಗಿ ಕೊಟ್ಟರು ಎಂದೇ ಅರ್ಥ. ಅಂದರೆ ‘ಬಿಡು’ ಧಾತುವಿಗೆ ಕೊಡುವ ಅರ್ಥ ಇಂದು ನಿನ್ನೆಯದಲ್ಲ.

ಎರಡನೆಯ ತೊಡಕು ಇನ್ನೂ ದೊಡ್ಡದು. ಇದೇ ಒಂದು ಪದವನ್ನು ಮೂರು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತಿದ್ದೇವೆ: ಲಾಕ್ ಬಿಡುವುದು, ಬಳಸುವವರ ಎಣಿಕೆ ಇಳಿಸುವುದು, ಪುಟಗಳನ್ನು ಹಿಂದಿರುಗಿಸುವುದು. ಈ ಮೂರರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಇಲ್ಲಿ ಇಡೀ ಸುರಕ್ಷತೆಯ ಪ್ರಶ್ನೆ. ಮೂರಕ್ಕೂ ಒಂದೇ ಹೆಸರಿಟ್ಟರೆ ಪಾಠ ಅಲ್ಲಿಗೇ ಕೆಟ್ಟಿತು.

ವಿಷಯ ಗೊತ್ತಿಲ್ಲದವರಿಗೂ ತಿಳಿಯುವಂತೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಪ್ರತಿ ಪ್ರೋಸೆಸ್‌ನ ಮೆಮೊರಿ ನಕ್ಷೆಗೂ ಎರಡು ಎಣಿಕೆಗಳಿರುತ್ತವೆ. ‘ಎಂಎಂ-ಯೂಸರ್ಸ್’ ಎಂಬುದು ಆ ನಕ್ಷೆಯ ಒಳಗಿರುವ ಮೆಮೊರಿಯನ್ನು ಬಳಸುತ್ತಿರುವವರ ಎಣಿಕೆ. ‘ಎಂಎಂ-ಕೌಂಟ್’ ಎಂಬುದು ನಕ್ಷೆಯ ಚೌಕಟ್ಟನ್ನು ಹಿಡಿದಿರುವವರ ಎಣಿಕೆ. ಮೊದಲ ಗುಂಪಿನವರೆಲ್ಲ ಸೇರಿ ಇದರಲ್ಲಿ ಒಂದೇ ಒಂದು ಎಂದು ಲೆಕ್ಕ. ಮೊದಲನೆಯದು ಸೊನ್ನೆಗೆ ಇಳಿದಾಗ ‘ಎಕ್ಸಿಟ್-ಎಂಮ್ಯಾಪ್’ ಎಂಬ ಕಾರ್ಯ ಓಡಿ ಒಳಗಿನ ಪುಟಗಳೆಲ್ಲ ಹೋಗುತ್ತವೆ. ಎರಡನೆಯದೂ ಸೊನ್ನೆಯಾದಾಗ ಚೌಕಟ್ಟೂ ಹೋಗುತ್ತದೆ. ಈ ಎರಡು ‘ಹೋಗುವಿಕೆ’ಗಳ ನಡುವೆ ಎಷ್ಟು ಹೊತ್ತು ಬೇಕಾದರೂ ಕಳೆಯಬಹುದು.

ಪುಟಗಳು ಹೋಗುವುದೂ ಒಂದೇ ಏಟಿಗಲ್ಲ. ಮೊದಲು ವಿಳಾಸಕ್ಕೂ ಪುಟಕ್ಕೂ ಇರುವ ನಂಟನ್ನು ಕಡಿಯಬೇಕು. ಆಮೇಲೆ, ಬೇರೆ ಬೇರೆ ಸಿಪಿಯುಗಳು ತಮ್ಮ ಟಿಎಲ್‌ಬಿ ಎಂಬ ಕಿರುಸಂಗ್ರಹದಲ್ಲಿ ನೆನಪಿಟ್ಟುಕೊಂಡಿರುವ ಹಳೆಯ ನಂಟನ್ನು ಅಳಿಸಬೇಕು. ಅದಾದ ನಂತರವಷ್ಟೇ ಪುಟವನ್ನು ಸಾಮಾನ್ಯ ಸಂಗ್ರಹಕ್ಕೆ ಹಿಂದಿರುಗಿಸಬಹುದು. ಅಳಿಸದೆ ಹಿಂದಿರುಗಿಸಿದರೆ, ಆ ಪುಟ ಇನ್ನೊಂದು ಪ್ರೋಸೆಸ್‌ನ ಪಾಲಾದ ಮೇಲೂ ಹಳೆಯ ನಂಟಿನ ಮೂಲಕ ಯಾರೋ ಅದರ ಮೇಲೆ ಬರೆಯುತ್ತಿರುತ್ತಾರೆ. ಕಡಿ, ಅಳಿಸು, ಹಿಂದಿರುಗಿಸು: ಮೂರೂ ಬೇರೆ ಕೆಲಸ, ಮೂರಕ್ಕೂ ಬೇರೆ ಕ್ರಿಯಾಪದ ಕನ್ನಡದಲ್ಲಿ ಇದ್ದೇ ಇದೆ. ‘ಬಿಡುಗಡೆ’ ಎಂದು ಒಂದೇ ಪದದಲ್ಲಿ ಮುಗಿಸುವ ಅಗತ್ಯವಾದರೂ ಏನು?

ಇನ್ನು ಲಾಕ್. ಈ ನಕ್ಷೆಯನ್ನು ಕಾಯುವ ಲಾಕ್‌ಗೆ ಮುಂಚೆ ‘ಎಂಮ್ಯಾಪ್-ಸೆಮ್’ ಎಂದು ಹೆಸರಿತ್ತು. 2020ರಲ್ಲಿ, 5.8ನೇ ಆವೃತ್ತಿಯಿಂದ, ಅದು ‘ಎಂಮ್ಯಾಪ್-ಲಾಕ್’ ಆಯಿತು. ಓದಲು ಬಂದವರು ಎಷ್ಟು ಮಂದಿಯಾದರೂ ಇದನ್ನು ಒಟ್ಟಿಗೆ ಹಿಡಿಯಬಹುದು. ಬದಲಿಸಲು ಬಂದವರು ಒಬ್ಬರೇ ಹಿಡಿಯಬೇಕು. ಎಕ್ಸಿಟ್-ಎಂಮ್ಯಾಪ್ ಬಹುಕಾಲ ಈ ಲಾಕ್ ಹಿಡಿಯದೆಯೇ ಕೆಲಸ ಮಾಡುತ್ತಿತ್ತು. ಬಳಸುವವರೆಲ್ಲ ಹೊರಟುಹೋಗಿದ್ದಾರೆ, ಇನ್ನು ಯಾರಿಗೆ ಯಾರ ಅಡ್ಡಿ ಎಂಬುದು ಅದರ ಹಿಂದಿನ ತರ್ಕ. 2016ರಲ್ಲಿ, 4.6ನೇ ಆವೃತ್ತಿಯಲ್ಲಿ, ‘ಓಓಎಂ ರೀಪರ್’ ಬಂದ ಮೇಲೆ ಆ ತರ್ಕ ಸಡಿಲವಾಗತೊಡಗಿತು. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಒಂದು ಪ್ರೋಸೆಸ್ ಅನ್ನು ಕೊಲ್ಲುತ್ತದೆ. ಕೊಂದದ್ದು ಎಲ್ಲೋ ಸಿಕ್ಕಿಕೊಂಡು ಬೇಗ ಸಾಯದೆ ಹೋದರೆ, ಈ ರೀಪರ್ ಹೊರಗಿನಿಂದ ಬಂದು ಅದರ ಪುಟಗಳನ್ನು ಎತ್ತಿಕೊಳ್ಳುತ್ತದೆ. ಓದುವವರ ಸಾಲಿನಲ್ಲಿ ಲಾಕ್‌ಗೆ ಕೈಯೊಡ್ಡುತ್ತದೆ, ಸಿಗದಿದ್ದರೆ ಕಾದು ಕೂರುವುದಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಬಿಟ್ಟು ಮತ್ತೆ ಕೈಯೊಡ್ಡುತ್ತದೆ, ಹೀಗೆ 10 ಸಲ. 2017ರ 4.14ನೇ ಆವೃತ್ತಿಯಿಂದ ಎಕ್ಸಿಟ್-ಎಂಮ್ಯಾಪ್ ಮತ್ತು ರೀಪರ್ ಒಂದೇ ನಕ್ಷೆಯ ಮೇಲೆ ಏಕಕಾಲದಲ್ಲಿ ಕೆಲಸ ಮಾಡಲು ಅವಕಾಶವಾಯಿತು.

ನನ್ನ ಮುಖ್ಯ ಪ್ರಶ್ನೆ ಹುಟ್ಟಿದ್ದು ಆ ಕಾಲದ ಎಕ್ಸಿಟ್-ಎಂಮ್ಯಾಪ್‌ನ ಎರಡು ಸಾಲುಗಳಿಂದ. ಒಂದು ಸಾಲು ಬರೆಯುವವರ ಲಾಕ್ ಹಿಡಿಯುತ್ತದೆ. ಮರುಸಾಲು ಅದನ್ನು ಬಿಡುತ್ತದೆ. ನಡುವೆ ಏನೂ ಇಲ್ಲ. ನೋಡಿದವರಿಗೆ ಅರ್ಥಹೀನ ಎನ್ನಿಸುವ ಈ ಜೋಡಿಯೊಳಗೇ ಇಡೀ ರಕ್ಷಣೆ ಇದೆ. ರೀಪರ್ ಒಳಗಿದ್ದರೆ ಓದುವವರ ಲಾಕ್ ಅದರ ಕೈಯಲ್ಲಿರುತ್ತದೆ. ಅದು ಹೊರಬರುವ ತನಕ ಬರೆಯುವವರ ಲಾಕ್ ಯಾರಿಗೂ ಸಿಗದು. ಆದ್ದರಿಂದ ಲಾಕ್ ಕೈಗೆ ಬಂತೆಂದರೆ ಒಳಗೆ ಯಾರೂ ಉಳಿದಿಲ್ಲ ಎಂದಾಯಿತು. ‘ಇನ್ನು ಇತ್ತ ಬರಬೇಡ’ ಎಂಬ ಗುರುತನ್ನು ಅದಕ್ಕೂ ಮುಂಚೆಯೇ ಹಾಕಿರುವುದರಿಂದ ಹೊಸದಾಗಿ ಯಾರೂ ಬರುವುದಿಲ್ಲ. ಇಷ್ಟಾದ ಮೇಲೆ ಲಾಕ್ ಇಟ್ಟುಕೊಳ್ಳುವ ಅಗತ್ಯವಿಲ್ಲ.

ಇದನ್ನು ಕನ್ನಡದಲ್ಲಿ ಬರೆಯಿರಿ. ‘ಎಕ್ಸಿಟ್-ಎಂಮ್ಯಾಪ್ ಲಾಕ್ ಹಿಡಿದು ಬಿಟ್ಟಿತು.’ ಅಚ್ಚಿನಲ್ಲಿ ನಡುವಿನ ಬಿಡುವು ಕೂಡಿಕೊಂಡರೆ ‘ಹಿಡಿದುಬಿಟ್ಟಿತು’ ಆಗುತ್ತದೆ. ಅದರ ಅರ್ಥ, ಹಿಡಿದೇ ಹಿಡಿಯಿತು, ಇನ್ನು ಬಿಡುವ ಮಾತಿಲ್ಲ ಎಂದು! ‘ಬಿಡು’ ಸಹಾಯಕ ಕ್ರಿಯಾಪದವಾಗಿ ನಿಂತಾಗ ಕೆಲಸ ಮುಗಿದದ್ದನ್ನು ಒತ್ತಿ ಹೇಳುತ್ತದೆಯೇ ಹೊರತು ಕೈಬಿಟ್ಟದ್ದನ್ನಲ್ಲ. ಮಾತಿನಲ್ಲಾದರೆ ಎರಡರ ನಡುವೆ ಒಂದು ಕ್ಷಣ ನಿಲ್ಲುತ್ತೇವೆ, ಪುಟದ ಮೇಲೆ ಆ ಅನುಕೂಲವಿಲ್ಲ. ‘ಹಿಡಿದು, ಕೂಡಲೇ ಬಿಟ್ಟಿತು’ ಎಂದು ಅಲ್ಪವಿರಾಮವನ್ನೂ ಒಂದು ಪದವನ್ನೂ ನಡುವೆ ತುರುಕಿ ಬರೆಯುತ್ತಿದ್ದೇನೆ. ಇದಕ್ಕಿಂತ ಚೊಕ್ಕವಾದ ರೂಪ ಇದ್ದರೆ ದಯವಿಟ್ಟು ಹೇಳಿ.

‘ಹಿಡಿದು’ ಎಂಬ ಅಪೂರ್ಣ ಕ್ರಿಯೆಯದೂ ಇಂಥದೇ ಸಮಸ್ಯೆ. ‘ಕೊಡೆ ಹಿಡಿದು ನಡೆದಳು’ ಎಂದರೆ ನಡೆಯುವಷ್ಟು ಹೊತ್ತೂ ಕೊಡೆ ಕೈಯಲ್ಲಿತ್ತು. ‘ಮೀನು ಹಿಡಿದು ಮಾರಿದಳು’ ಎಂದರೆ ಹಿಡಿಯುವುದು ಮುಗಿಯಿತು, ಮಾರುವುದು ಆಮೇಲೆ. ಹಾಗಾದರೆ ‘ಲಾಕ್ ಹಿಡಿದು ಪುಟಕೋಷ್ಟಕಗಳನ್ನು ತೆಗೆದುಹಾಕುತ್ತದೆ’ (ಪುಟಕೋಷ್ಟಕ ಎಂದರೆ ವಿಳಾಸಕ್ಕೂ ಪುಟಕ್ಕೂ ಇರುವ ನಂಟಿನ ಪಟ್ಟಿ) ಎಂಬಲ್ಲಿ ಲಾಕ್ ಕೊನೆಯ ತನಕ ಕೈಯಲ್ಲಿದೆಯೋ ಇಲ್ಲವೋ? ಲಾಕ್ ಸುರಕ್ಷತೆ ಎಂದರೆ ಅದೊಂದೇ ಪ್ರಶ್ನೆ. ಇಂಥ ಕಡೆಗಳಲ್ಲೆಲ್ಲ ‘ಹಿಡಿದುಕೊಂಡೇ’ ಎಂದು ಬರೆಯಬೇಕು, ಇಲ್ಲವೇ ‘ಹಿಡಿದಿರುವಾಗಲೇ’ ಎನ್ನಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಹಿಡಿದ ಮೇಲೆ’ ಎಂಬುದನ್ನಂತೂ ಇಂಥ ಬರಹದಿಂದ ದೂರವೇ ಇಡಬೇಕು. 2022ರ ಹೊತ್ತಿಗೆ ಕರ್ನಲ್ ಕೂಡ ಈ ದಾರಿಗೇ ಬಂತು. ಎಕ್ಸಿಟ್-ಎಂಮ್ಯಾಪ್ ಈಗ ಪುಟಕೋಷ್ಟಕಗಳನ್ನು ತೆಗೆಯುವಾಗ ಬರೆಯುವವರ ಲಾಕ್ ಹಿಡಿದುಕೊಂಡೇ ಇರುತ್ತದೆ. ಅದಕ್ಕೆ ಮುಂಚೆ, 2021ರ 5.15ರಲ್ಲಿ, ಕೊಲ್ಲಲ್ಪಟ್ಟ ಪ್ರೋಸೆಸ್‌ನ ಪುಟಗಳನ್ನು ಇನ್ನೊಂದು ಪ್ರೋಸೆಸ್ ಕೂಡ ಎತ್ತಿಸಬಹುದಾದ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್ ಮುಂದಿಡುವ ಕೋರಿಕೆ) ಬಂದಿತ್ತು. ಹೊರಗಿನಿಂದ ಕೈಹಾಕುವವರು ಹೆಚ್ಚಾದಂತೆ, ಲಾಕ್ ಇಲ್ಲದ ಉಪಾಯಗಳನ್ನು ಉಳಿಸಿಕೊಳ್ಳುವುದು ಕಷ್ಟ.

ಇನ್ನೊಂದು ತೊಡಕು ‘ಲಾಕ್’ ಎಂಬ ಪದದ್ದೇ. 2018ರಲ್ಲಿ ಇದೇ ಜಾಗದಲ್ಲಿ ಒಂದು ದೋಷ ಹೊರಬಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2018-1000200 ಎಂಬುದು ಅದರ ಸಂಖ್ಯೆ. ಡಿಸ್ಕ್‌ಗೆ ಹೋಗದೆ ರ್‍ಯಾಮ್‌ನಲ್ಲೇ ಉಳಿಯಬೇಕು ಎಂದು ‘ಎಂಲಾಕ್’ ಮೂಲಕ ಗುರುತು ಮಾಡಿದ ಪುಟಗಳನ್ನು ರೀಪರ್ ಮುಟ್ಟಬಾರದು ಎಂಬುದು ಆಗಿನ ನಿಯಮ. ಆದರೆ ಎಕ್ಸಿಟ್-ಎಂಮ್ಯಾಪ್ ಆ ಕಟ್ಟನ್ನು ಬಿಚ್ಚುವಾಗ ಮೊದಲು ಗುರುತನ್ನು ಅಳಿಸುತ್ತಿತ್ತು, ಆಮೇಲೆ ಪುಟಗಳತ್ತ ಹೋಗುತ್ತಿತ್ತು. ಗುರುತು ಕಾಣದ ರೀಪರ್ ಅಷ್ಟರಲ್ಲಿ ಒಳನುಗ್ಗಿ ಪುಟಕೋಷ್ಟಕದ ನಮೂದನ್ನು ಅಳಿಸಿದರೆ, ಅದೇ ನಮೂದನ್ನು ನಂಬಿ ಮುಂದಡಿಯಿಟ್ಟಿದ್ದ ಎಕ್ಸಿಟ್-ಎಂಮ್ಯಾಪ್ ಶೂನ್ಯ ವಿಳಾಸಕ್ಕೆ ಕಾಲಿಟ್ಟು ಕರ್ನಲ್ ಕುಸಿಯುತ್ತಿತ್ತು. ಇದನ್ನು ಬರೆಯಹೊರಟರೆ ‘ಲಾಕ್ ಆದ ಪುಟಗಳನ್ನು ಲಾಕ್ ಇಲ್ಲದೆ ಅನ್‌ಲಾಕ್ ಮಾಡುವಾಗ’ ಎಂಬ ವಾಕ್ಯ ಹುಟ್ಟುತ್ತದೆ. ಓದುಗರನ್ನು ಹಿಂಸಿಸಲು ಬೇರೇನೂ ಬೇಡ. ಎಂಲಾಕ್‌ನ ಅರ್ಥಕ್ಕೆ ‘ಕಟ್ಟಿಹಾಕಿದ ಪುಟಗಳು’ ಎನ್ನೋಣವೇ? ಆಗ ವಾಕ್ಯ ಹೀಗಾಗುತ್ತದೆ: ‘ಕಟ್ಟಿಹಾಕಿದ ಪುಟಗಳನ್ನು ಲಾಕ್ ಹಿಡಿಯದೆ ಬಿಚ್ಚುವಾಗ’. ನನಗೆ ಇದು ತುಂಬಾ ಹಿಡಿಸಿದೆ.

ಹೀಗೆ ನೋಡುತ್ತಾ ಹೋದರೆ ಕನ್ನಡದಲ್ಲಿ ಜೋಡಿ ಕ್ರಿಯಾಪದಗಳಿಗೆ ಬರವಿಲ್ಲ. ಲಾಕ್‌ಗೆ ಹಿಡಿ, ಬಿಡು. ಎಣಿಕೆಗೆ ಏರಿಸು, ಇಳಿಸು. ಎಂಲಾಕ್‌ಗೆ ಕಟ್ಟು, ಬಿಚ್ಚು. ಪುಟಗಳಿಗೆ ಪಡೆ, ಹಿಂದಿರುಗಿಸು. ಒಂದರ ಪದ ಇನ್ನೊಂದರ ಕಡೆಗೆ ದಾಟದಂತೆ ಇಡೀ ಅಧ್ಯಾಯದಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕೆಂದಿದ್ದೇನೆ. ಆ ‘ಇತ್ತ ಬರಬೇಡ’ ಗುರುತಿನ ಮೂಲ ಹೆಸರಿನಲ್ಲಿ ‘ಸ್ಕಿಪ್’ ಇದೆ. ಅಲ್ಲೂ ‘ಬಿಡು’ ಎನ್ನುವ ಆಸೆಯಾಗುತ್ತದೆ, ಆದರೆ ‘ದಾಟಿಹೋಗು’ ಎಂದು ಬರೆಯುತ್ತೇನೆ.

ಉಳಿದಿರುವುದು ರೀಪರ್ ಮಾಡುವ ಕೆಲಸದ ಹೆಸರು. ‘ಕೊಯ್ಲು’ ನನಗೆ ಒಪ್ಪಿಗೆಯಿಲ್ಲ. ಕೊಯ್ಲಿನಲ್ಲಿ ಬೆಳೆ ಉಳಿಯುತ್ತದೆ, ಇಲ್ಲಿ ಪುಟದಲ್ಲಿದ್ದದ್ದೆಲ್ಲ ನಾಶವಾಗಿ ಜಾಗ ಮಾತ್ರ ಉಳಿಯುತ್ತದೆ. ‘ಮುಟ್ಟುಗೋಲು’ ಎಂದರೂ ಆಸ್ತಿ ಇದ್ದ ಹಾಗೆಯೇ ಇರುತ್ತದೆ, ಕೈ ಮಾತ್ರ ಬದಲಾಗುತ್ತದೆ. ‘ತೆರವು’ ಹತ್ತಿರ ಬರುತ್ತದೆ. ‘ಒತ್ತುವರಿ ತೆರವು’ ಎಂಬಲ್ಲಿ ಹೊರಗಿನವರು ಬಂದು ಬಲವಂತವಾಗಿ ಜಾಗ ಖಾಲಿ ಮಾಡಿಸುವ ಅರ್ಥ ಸ್ಪಷ್ಟವಾಗಿದೆ, ರೀಪರ್ ಮಾಡುವುದೂ ಅದನ್ನೇ. ಆದರೆ ‘ತೆರವಾದ ಸ್ಥಾನ’ ಎಂದಾಗ ಬಲವಂತವಿಲ್ಲ, ಇದ್ದವರು ತಾವಾಗಿ ಹೋಗಿರಬಹುದು. ಹಾಗಾಗಿ ರೀಪರ್‌ಗೆ ‘ತೆರವು ಮಾಡಿಸು’ ಎಂದೂ ಎಕ್ಸಿಟ್-ಎಂಮ್ಯಾಪ್‌ಗೆ ‘ಹಿಂದಿರುಗಿಸು’ ಎಂದೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇನೆ. ಕಂದಾಯ ಇಲಾಖೆಯ ಕನ್ನಡ ಬಲ್ಲವರು, ನೀರಾವರಿಯ ಕನ್ನಡ ಬಲ್ಲವರು ಈ ಬಳಗದಲ್ಲಿದ್ದೀರಿ. ಹಿಡುವಳಿದಾರನಿಲ್ಲದ ಜಮೀನನ್ನು ಸರ್ಕಾರ ಮರಳಿ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಕ್ಕೆ ನಿಮ್ಮ ಕಡತಗಳಲ್ಲಿ ಬಳಸುವ ಕ್ರಿಯಾಪದ ಯಾವುದು? ಅದು ಈ ಜಾಗಕ್ಕೆ ಹೊಂದುತ್ತದೆಯೇ ಎಂದು ಒಂದೆರಡು ವಾಕ್ಯಗಳ ಸಮೇತ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.