ಲೊಂಬೊಕ್‌ನ ಹಳೆಯ ಸಾಲುಮನೆ: ಓರೆ ಬಾಗಿಲು ಕಂಡು ಹಿಂಜರಿಯಬೇಕೇ?

ಕಾಲುವೆ ದಂಡೆ:

ನಮಸ್ಕಾರ. ನೆದರ್ಲೆಂಡ್ಸ್‌ನಲ್ಲಿ ನೂರು ವರ್ಷ ದಾಟಿದ ಮನೆ ಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ, ಸೋಮವಾರ ಮಧ್ಯಾಹ್ನದೊಳಗೆ ನಮ್ಮ ಬೆಲೆ ತಿಳಿಸಬೇಕು.

ಯೂಟ್ರೆಕ್ಟ್ ನಗರದ ಲೊಂಬೊಕ್ ಬಡಾವಣೆಯಲ್ಲಿ, ಕಾನಾಲ್‌ಸ್ಟ್ರಾಟ್‌ಗೆ ಅಂಟಿಕೊಂಡ ಬೀದಿಯಲ್ಲಿ, 1908ರ ಸಾಲುಮನೆಯೊಂದು ಮಾರಾಟಕ್ಕಿದೆ. 84 ಚದರ ಮೀಟರ್, ಕೇಳುತ್ತಿರುವ ಬೆಲೆ 4,75,000 ಯೂರೋ, ಇಂಧನ ದರ್ಜೆ ಇ. ನಾಲ್ಕು ವರ್ಷಗಳಿಂದ ಇದೇ ಊರಿನಲ್ಲಿ ಬಾಡಿಗೆಗಿದ್ದೇವೆ, ಶನಿವಾರದ ಸಂತೆ ಸಾಮಾನಿಗೆ ನಾನು ಹೋಗುವುದು ಇದೇ ರಸ್ತೆಗೆ. ಕಾಲುದಾರಿಯವರೆಗೂ ಚಾಚಿದ ತರಕಾರಿ ಪೆಟ್ಟಿಗೆಗಳು, ಕೊತ್ತಂಬರಿ ಕಂತೆ, ಬೆಂಡೆಕಾಯಿ, ಹತ್ತು ಭಾಷೆಗಳ ಗದ್ದಲ. ಗದ್ದಲವಿದೆ ಎಂದು ಹಲವರು ಬೇಡವೆನ್ನುತ್ತಾರೆ. ನನಗೆ ಅದೇ ಬೇಕು.

ಚಿಂತೆ ಇರುವುದು ಒಂದು ಬಾಗಿಲಿನ ಬಗ್ಗೆ. ಅಡುಗೆಮನೆಯ ಬಾಗಿಲು ಮುಚ್ಚಿದಾಗ ಮೇಲ್ಗಡೆ ಸರಿಯಾಗಿ ಕೂರುತ್ತದೆ. ಆದರೆ ಕೆಳಅಂಚನ್ನು ಯಾರೋ ಓರೆಯಾಗಿ ಹೆರೆದಿದ್ದಾರೆ: ತಿರುಗಣಿಯ ಕಡೆ ಸಂದೇ ಇಲ್ಲ, ಹಿಡಿಯ ಕಡೆ ಎರಡು ಬೆರಳು ತೂರುತ್ತವೆ. ಅಡಿಪಾಯ ಕುಸಿದು ಮನೆ ವಾಲಿದೆಯೇ ಎಂಬ ಭಯ. ಮಾರುವವರ ಮಾಕೆಲಾರ್ (ಮನೆ ದಲ್ಲಾಳಿ) "ಹಳೆಯ ಮನೆಗಳೇ ಹಾಗೆ" ಎಂದರು. ಕಾಗದಪತ್ರದಲ್ಲಿ ಅಡಿಪಾಯ "ಒಪ್ ಸ್ತಾಲ್" ಎಂದಿದೆ. ಮೊಬೈಲ್ ಅದನ್ನು "ಉಕ್ಕಿನ ಮೇಲೆ" ಎಂದು ಅನುವಾದಿಸಿತು. ಉಕ್ಕಾದರೆ ಗಟ್ಟಿಯೇ ಅಲ್ಲವೇ?

ಹಳೆಯ ಇಟ್ಟಿಗೆ:

ಅದು ಉಕ್ಕಲ್ಲ. ನೆಲದಾಳಕ್ಕೆ ಕಂಬ ಇಳಿಸದೆ, ಭಾರ ಹೊರಬಲ್ಲ ನೆಲದ ಮೇಲೆ ನೇರವಾಗಿ ಅಡಿಪಾಯ ಕಟ್ಟಿದ್ದಾರೆ ಎಂದು ಅರ್ಥ. ನೆಲ ಮರಳಾಗಿದ್ದರೆ ಅಂಥ ಮನೆ ಶತಮಾನಗಳ ಕಾಲ ನಿಲ್ಲುತ್ತದೆ. ಜೇಡಿಮಣ್ಣಾದರೆ ಬರಗಾಲದ ಬೇಸಿಗೆಯಲ್ಲಿ ಅದು ಕುಗ್ಗಿ ಮನೆ ಒಂದೇ ಕಡೆ ಕೂರಬಹುದು.

ನಾನು ಕೊಂಡದ್ದು ರೋಟರ್‌ಡ್ಯಾಮ್‌ನಲ್ಲಿ, 1912ರ ಮನೆ, ಮರದ ಕಂಬಗಳ ಮೇಲೆ ನಿಂತದ್ದು. ಆ ಕಂಬಗಳ ತಲೆ ಸದಾ ಅಂತರ್ಜಲದಲ್ಲಿ ಮುಳುಗಿರಬೇಕು. ನೀರಿನ ಮಟ್ಟ ಇಳಿದರೆ ಗಾಳಿ ತಾಗಿ ಶಿಲೀಂಧ್ರ ಹಿಡಿಯುತ್ತದೆ, ಮರ ಕೊಳೆಯುತ್ತದೆ. ನಮ್ಮ ಮನೆಗೆ ಅದೇ ಆಯಿತು. ಹಣಕ್ಕಿಂತ ಹೆಚ್ಚು ನನ್ನನ್ನು ಹಣ್ಣು ಮಾಡಿದ್ದು ಇನ್ನೊಂದು ವಿಷಯ: ಸಾಲುಮನೆಯ ಪಕ್ಕದ ಗೋಡೆ ನಿಮ್ಮೊಬ್ಬರದಲ್ಲ. ನನ್ನ ಕೆಳಗೆ ಮಾತ್ರ ಹೊಸ ಅಡಿಪಾಯ ಹಾಕಿಸುವಂತಿರಲಿಲ್ಲ, ನಾಲ್ಕು ಮನೆಯವರೂ ಒಪ್ಪಬೇಕಿತ್ತು. ಮೂರನೆಯ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುತ್ತಿದ್ದ ಅಜ್ಜನೊಬ್ಬರಿದ್ದರು. ಅವರ ಊಟದ ಮೇಜಿನ ಸುತ್ತ ಎರಡು ವರ್ಷ ಕೂತು ಮಾತಾಡಿದ್ದೇವೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಬಳಿ ಹಣವೇ ಇರಲಿಲ್ಲ.

ಆದ್ದರಿಂದ ಒಂದು ಮನೆಯನ್ನು ನೋಡಬೇಡಿ, ಸಾಲನ್ನು ನೋಡಿ. ಎದುರಿನ ಕಾಲುದಾರಿಯಲ್ಲಿ ನಿಂತು ಕಿಟಕಿಯ ಕೆಳಗಿನ ಗಾರೆಯ ಗೆರೆಯೊಂದನ್ನು ಆರಿಸಿ, ಅದು ಅಕ್ಕಪಕ್ಕದ ಮನೆಗಳವರೆಗೂ ನೇರವಾಗಿ ಹೋಗುತ್ತದೆಯೇ ಎಂದು ಗಮನಿಸಿ. ತಜ್ಞರು ಇದನ್ನೇ ಉಪಕರಣವಿಟ್ಟು ಅಳೆಯುತ್ತಾರೆ. ಮೆಟ್ಟಿಲಿನಂತೆ ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತುವ ಬಿರುಕು ಇದ್ದರೆ ಅದರ ಅಂಚು ನೋಡಿ. ಕೊಳೆ ತುಂಬಿ ಮಂಕಾಗಿದ್ದರೆ ಹಳೆಯದು. ಅಂಚು ಚೂಪಾಗಿ, ಒಳಗೆ ಕೆಂಪು ಹೊಳೆಯುತ್ತಿದ್ದರೆ ಮನೆ ಇನ್ನೂ ಕದಲುತ್ತಿರಬಹುದು. ಮತ್ತು ಎರಡೂ ಪಕ್ಕದ ಮನೆಗಳ ಬಾಗಿಲು ತಟ್ಟಿ.

ಲೆಕ್ಕದ ಪುಸ್ತಕ:

ತಪಾಸಣೆಯ ಷರತ್ತು (ತಜ್ಞರ ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಹಿಂದೆ ಸರಿಯಬಹುದು ಎಂಬ ಷರತ್ತು) ಇಲ್ಲದೆ ಬೆಲೆ ಹೇಳಬೇಡಿ. ಸಹಿಯಾದ ಕರಾರು ಕೈಸೇರಿದ ಮೇಲೆ ಕಾರಣ ಕೊಡದೆ ಹಿಂದೆ ಸರಿಯಲು ಕಾನೂನು ಮೂರು ದಿನ ಕೊಡುತ್ತದೆ, ಅಷ್ಟರಲ್ಲಿ ತಜ್ಞರು ಸಿಗುವುದು ಕಷ್ಟ. ಕರಾರಿನಲ್ಲಿ ಮನೆಯ ವಯಸ್ಸಿನ ಬಗ್ಗೆ ಒಂದು ಕಲಮು ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಹಳೆಯ ಮನೆಯ ಸಹಜ ಕೊರತೆಗಳನ್ನು ಒಪ್ಪಿಕೊಂಡಂತೆ. 1960ಕ್ಕೂ ಮೊದಲಿನ ಮನೆಯಾದ್ದರಿಂದ ನೀರಿನ ಕೊಳವೆ ಸೀಸದ್ದೇ ಎಂದೂ ಕೇಳಿ.

ನಿಮ್ಮಿಬ್ಬರಲ್ಲಿ ಯಾರಿಗಾದರೂ ಇನ್ನೂ 35 ತುಂಬಿಲ್ಲವೇ? ಹಾಗಿದ್ದರೆ ಮೊದಲ ಸಲ ವಿನಾಯಿತಿ ಬಳಸುವವರ ಪಾಲಿಗೆ 2 ಶೇಕಡಾ ವರ್ಗಾವಣೆ ತೆರಿಗೆ ಬೀಳುವುದಿಲ್ಲ. ಆದರೆ ಮನೆಯ ಬೆಲೆ ಆಯಾ ವರ್ಷದ ಮಿತಿ (2025ರಲ್ಲಿ ಅದು 5,25,000 ಯೂರೋ ಇತ್ತು) ದಾಟಿದರೆ ವಿನಾಯಿತಿ ಪೂರ್ತಿ ಹೋಗುತ್ತದೆ. ಪೈಪೋಟಿಯಲ್ಲಿ ಬೆಲೆ ಏರಿಸುವಾಗ ಇದು ನೆನಪಿರಲಿ.

ಕಾಲುವೆ ದಂಡೆ:

ಇಬ್ಬರಿಗೂ ತುಂಬು ಹೃದಯದ ಧನ್ಯವಾದ. ನನಗೆ 34, ಪತಿಗೆ 37. ಹಾಗಾದರೆ ನನ್ನ ಪಾಲಿನದು ಉಳಿಯುತ್ತದೆ.

ನಿನ್ನೆ ಸಂಜೆ ಎಡಪಕ್ಕದ ಮನೆಯ ಬಾಗಿಲು ತಟ್ಟಿದೆ. ಮೊರೊಕ್ಕೊ ಮೂಲದ ಹಿರಿಯ ಮಹಿಳೆ, ಮೂವತ್ತು ವರ್ಷಗಳಿಂದ ಅಲ್ಲೇ ಇದ್ದಾರೆ. ನನ್ನ ತೊದಲು ಡಚ್ ಕೇಳಿ ಒಳಗೆ ಕರೆದು ಪುದೀನ ಚಹಾ ಕೊಟ್ಟರು. ಅಡುಗೆಮನೆ ತೋರಿಸಿ ಎಂದು ಕೇಳಿದೆ. ಅವರ ಬಾಗಿಲಿನ ಕೆಳಅಂಚೂ ಓರೆ, ನಮ್ಮದು ವಾಲಿದ ಕಡೆಗೇ. ಹೆರೆದ ಜಾಗದ ಬಣ್ಣ ಹಳದಿ ತಿರುಗಿ ಸಿಪ್ಪೆ ಏಳುತ್ತಿತ್ತು. ತಾವು ಬಂದಾಗಲೇ ಅದು ಹಾಗಿತ್ತು, ಅಂದಿನಿಂದ ಮತ್ತೆ ಹೆರೆದಿಲ್ಲ ಎಂದರು. ಎದುರಿನಿಂದ ನೋಡಿದರೆ ಗಾರೆಯ ಗೆರೆ ಎರಡೂ ಮನೆಗಳಲ್ಲಿ ಒಂದೇ ಸಮನೆ ಇಳಿಯುತ್ತದೆ, ನಡುವೆ ಬಿರುಕಿಲ್ಲ.

ಬಲಪಕ್ಕದವರು ಮನೆಯಲ್ಲಿರಲಿಲ್ಲ, ಇಂದು ಮತ್ತೆ ಹೋಗುತ್ತೇನೆ. ಸೋಮವಾರ 4,92,000 ಬರೆಯುತ್ತೇವೆ, ತಪಾಸಣೆಯ ಷರತ್ತಿನೊಂದಿಗೆ.